ತಪ್ಪಿನ ಚಹಾ

ಮದುವೆ ಮುಗಿದ ಮೇಲೆ ಸೌ-ಹಾಳ ಮನೆಗೆ ಮೊದಲು ಬಂದದ್ದು ಒಂದು ಬುಟ್ಟಿ ಕಿತ್ತಳೆ ಹಣ್ಣು. ಆಮೇಲೆ ಬಂದದ್ದು ಕಮಲದ ಬೀಜದ ಹೂರಣ ತುಂಬಿದ ಕೇಕಿನ ಡಬ್ಬ. ಅದಕ್ಕೂ ಅವಳು ಜಗ್ಗದಿದ್ದಾಗ ಒಳ್ಳೆಯ ಜಾತಿಯ ಒಣ ಅಣಬೆ ಬಂತು. ಎಲ್ಲವನ್ನೂ ಹೊತ್ತು ತಂದವನು ಅವಳ ಅಣ್ಣನ ಮಗ, ಹೊಸ ಮದುಮಗ ಕಿಟ್-ಮಿಂಗ್. ಪ್ರತಿ ಸಲವೂ ಕಬ್ಬಿಣದ ಬಾಗಿಲಾಚೆ ನಿಂತು, ಚೀಲವನ್ನು ಮುಂದಕ್ಕೆ ಚಾಚಿ, ಹಲ್ಲು ಕಿರಿದು, "ಮ್-ಹೊ-ಯಿಸಿ ಅತ್ತೆ, ಆವತ್ತಿನ ಗಡಿಬಿಡೀಲಿ ಹಾಗಾಗೋಯ್ತು" ಅನ್ನುತ್ತಿದ್ದ.

ಮ್-ಹೊ-ಯಿಸಿಯಂತೆ! ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ ಅನ್ನುವ ಮಾತು ಅದು. ಲಿಫ್ಟಿನಲ್ಲಿ ಸ್ವಲ್ಪ ಸರಿಯಿರಿ ಅನ್ನುವುದಕ್ಕೂ, ಹೋಟೆಲಿನಲ್ಲಿ ಮಾಣಿಯನ್ನು ಕರೆಯುವುದಕ್ಕೂ ಅದೇ ಮಾತು. ಬಾಯಿಂದ ಬಿದ್ದು ನೆಲ ಮುಟ್ಟುವ ಮೊದಲೇ ಒಣಗಿಹೋಗುವಂಥದ್ದು. ಭಾರದ ಮಾತು ಬೇರೆಯೇ ಇದೆ. ತೊಯ್-ಮ್-ಚ್ಯೂ. ನಿನ್ನ ಮುಖಕ್ಕೆ ಮುಖ ಕೊಡಲಾರೆ ಎಂದು ಒಪ್ಪಿಕೊಳ್ಳುವ ಮಾತು. ಅದನ್ನು ಬಾಗಿಲಲ್ಲಿ ನಿಂತು ಹೇಳುವುದಿಲ್ಲ. ತಪ್ಪು ಮಾಡಿದವರು ಬಟ್ಟಲಿಗೆ ಚಹಾ ಬಗ್ಗಿಸಬೇಕು, ಎರಡೂ ಕೈಯಲ್ಲಿ ಹಿಡಿದು ಕೊಡಬೇಕು, ತಪ್ಪು ನನ್ನದು ಎಂದು ನಾಲ್ಕು ಜನರೆದುರು ಹೇಳಬೇಕು. ಎದುರಿನವರು ಕುಡಿದರೆ ಜಗಳ ತೀರಿತು, ಕುಡಿಯದಿದ್ದರೆ ಇಲ್ಲ. ಸೌ-ಹಾಳ ಅಪ್ಪ ಅಂಗಡಿಯ ಪಾಲುದಾರನ ಜೊತೆ ವರ್ಷಗಟ್ಟಲೆ ಸಾಧಿಸಿದ ಹಗೆಯೂ ಒಂದು ಬಟ್ಟಲು ಚಹಾದಲ್ಲಿ ಮುಳುಗಿಹೋಗಿತ್ತು.

ಅಣಬೆಯ ಪೊಟ್ಟಣವನ್ನು ಅವಳು ಬಾಗಿಲ ಸರಳಿನ ಸಂದಿಯಿಂದ ವಾಪಸು ನೂಕಿದಳು.

"ಬುಟ್ಟಿ ಬೇಡ, ಡಬ್ಬ ಬೇಡ. ಚಹಾ ಹಾಕಿಕೊಡ್ಲಿ."

"ಯಾರತ್ತೆ?"

"ತಪ್ಪು ಮಾಡ್ದವ್ರು."

"ಅಮ್ಮನಾ? ಅಮ್ಮ ಹೇಗತ್ತೆ... ಅವ್ರು ದೊಡ್ಡವ್ರು..."

"ನಿನ್ನ ಸಾಕೋ ಬದಲು ಒಂದು ತುಂಡು ಸುಟ್ಟ ಹಂದಿಮಾಂಸ ಸಾಕಿದ್ರೆ ಅನ್ನದ ಜೊತೆಗಾದ್ರೂ ಆಗ್ತಿತ್ತು ಕಣೋ!" ಎಂದು ಅವಳು ಒಳಬಾಗಿಲನ್ನೂ ಮುಚ್ಚಿದಳು. ಮುಚ್ಚಿದ ಮೇಲೆ, ಅವನು ಅಷ್ಟು ಮಹಡಿ ಹತ್ತಿ ಬಂದಿದ್ದಾನೆ, ಒಂದು ಲೋಟ ನೀರಾದರೂ ಕೊಡಬೇಕಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು.

ಆಗಿದ್ದು ಇಷ್ಟು. ಸೌ-ಹಾಳ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಹರಿದದ್ದು ಸಡಿಲವಾದದ್ದು ಹೊಲಿದುಕೊಡುತ್ತ ಅವಳು ಬದುಕಿದ್ದಳು. ಆಮೇಲೆ ಅಣ್ಣನೂ ಹೋದ. ಅತ್ತಿಗೆ ಗ್ವೈ-ಫನ್ ಮುದುಕರ ಆಶ್ರಮವೊಂದರಲ್ಲಿ ರಾತ್ರಿ ಪಾಳಿಗೆ ಸೇರಿದಳು. ಹಾಲುಗಲ್ಲದ ಕಿಟ್-ಮಿಂಗ್ ಸೌ-ಹಾಳ ಮಗ್ಗುಲಲ್ಲಿ ಮಲಗಿ, ಅವಳ ಮಿಷನ್ನಿನ ಸದ್ದಿಗೆ ಎದ್ದು, ಅವಳ ಗಂಜಿ ಕುಡಿದು ದೊಡ್ಡವನಾದ. ಮದುವೆ ಗೊತ್ತಾದಾಗ ಅವಳು ತನ್ನಲ್ಲಿದ್ದ ಚೂರುಪಾರು ಚಿನ್ನವನ್ನೆಲ್ಲ ಕರಗಿಸಿ, ಡ್ರ್ಯಾಗನ್ನೂ ಫೀನಿಕ್ಸ್ ಹಕ್ಕಿಯೂ ಕೊರೆದ ದಪ್ಪ ಬಳೆ ಮಾಡಿಸಿದಳು. ಮದುಮಕ್ಕಳು ಮಂಡಿಯೂರಿ ಹಿರಿಯರಿಗೆ ಚಹಾ ಕೊಡುವಾಗ ಹುಡುಗಿಯ ಕೈಗೆ ತೊಡಿಸುವ ಬಳೆ ಅದು. ತೊಡಿಸುವಾಗ ಕೈ ನಡುಗಬಾರದೆಂದು ಹಿಂದಿನ ದಿನ ತನ್ನ ಕೈಗೇ ಹಾಕಿ ತೆಗೆದು ಅಭ್ಯಾಸ ಮಾಡಿದ್ದಳು.

ಮದುವೆಯ ಬೆಳಿಗ್ಗೆ ಅತ್ತಿಗೆಯ ಮನೆ ತುಂಬ ಜನ. ಹುಡುಗಿಯನ್ನು ಕರೆತರುವ ಕಾರು ಬಂತು ಅನ್ನುವಾಗ ಗ್ವೈ-ಫನ್ ಅವಳನ್ನು ಅಡುಗೆಮನೆಯ ಬಾಗಿಲಿಗೆ ಎಳೆದಳು.

"ಹುಡುಗಿ ಕೋತಿ ವರ್ಷದವಳು ಸೌ-ಹಾ. ಅವಳು ಹೊಸ್ತಿಲು ದಾಟೋವಾಗ ಹುಲಿ ವರ್ಷದವರು ಎದುರಿಗೆ ಇರಬಾರ್ದಂತೆ. ನೀನು ಸ್ವಲ್ಪ ಕೆಳಗಿರು."

"ನಾನೆಲ್ಲಿ ಹುಲಿ ಅತ್ತಿಗೆ? ನಾನು ಎತ್ತು. ನಿಮಗೆ ಗೊತ್ತಿಲ್ವಾ?"

"ಗುರುತಿನ ಚೀಟೀಲಿ ಹುಲಿ ವರ್ಷಾನೇ ಇದೆ. ಇವತ್ತೊಂದಿನ ವಾದ ಬೇಡ ಮಾರಾಯ್ತಿ, ಹುಡುಗಿ ಅಮ್ಮ ಇಂಥದ್ದರಲ್ಲಿ ಬಲು ಕಟ್ಟುನಿಟ್ಟು. ಅವಳು ಒಳಗೆ ಬಂದ ತಕ್ಷಣ ಕರೀತೀನಿ."

ಸೌ-ಹಾ ಹುಟ್ಟಿದ್ದು ಜನವರಿಯಲ್ಲಿ. ಕ್ಯಾಲೆಂಡರು ಹೊಸದಾಗಿತ್ತು, ಆದರೆ ವರ್ಷಕ್ಕೊಂದು ಪ್ರಾಣಿಯ ಹೆಸರಿಡುವ ಚಾಂದ್ರಮಾನದ ಹೊಸ ವರ್ಷ ಇನ್ನೂ ಬಂದಿರಲಿಲ್ಲ. ಹಾಗಾಗಿ ಅವಳು ಹಿಂದಿನ ವರ್ಷದ ಎತ್ತೇ ಹೊರತು ಹುಲಿಯಲ್ಲ. ಅದನ್ನು ಲೆಕ್ಕ ಹಾಕಲು ಪಂಡಿತರು ಬೇಡ, ಹಾಂಗ್‌ಕಾಂಗಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಆದರೂ ಮದುವೆಮನೆಯಲ್ಲಿ ಅಪಶಕುನದ ಮಾತು ಬೇಡವೆಂದು ಅವಳು ಕೆಳಗಿಳಿದು ಹೋದಳು.

ಕೆಳಗೆ ಕಾವಲುಗಾರ ಲೌ ಮುದುಕ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಕೂರುವ ದಿಂಬನ್ನು ಮಗುಚಿ, ಬೆವರು ಅಂಟದ ಮಗ್ಗುಲನ್ನು ಮೇಲೆ ಮಾಡಿದ. ಸ್ವಲ್ಪ ಹೊತ್ತಾದ ಮೇಲೆ ಫ್ಯಾನನ್ನು ಅವಳ ಕಡೆ ತಿರುಗಿಸಿದ. ಇನ್ನಷ್ಟು ಹೊತ್ತಾದ ಮೇಲೆ ತನ್ನ ಬನ್ನಿನಲ್ಲಿ ಅರ್ಧ ಮುರಿದು ಕಾಗದದಲ್ಲಿಟ್ಟು ಅವಳ ಪಕ್ಕದಲ್ಲಿರಿಸಿದ. ಮೇಲಿನಿಂದ ನಗು, ಚಪ್ಪಾಳೆ, ಹಿರಿಯರನ್ನು ಒಬ್ಬೊಬ್ಬರಾಗಿ ಕೂಗಿ ಕೂರಿಸುವ ಸದ್ದು ಮೆಟ್ಟಿಲ ಸಂದಿಯಲ್ಲಿ ಇಳಿದು ಬರುತ್ತಿತ್ತು. ಕರೆದರೇ ಎಂದು ಮುದುಕ ಒಂದು ಸಲವೂ ಕೇಳಲಿಲ್ಲ. ರೇಡಿಯೋದ ಸದ್ದನ್ನು ಮಾತ್ರ ಏರಿಸಿದ.

ಕೊನೆಗೆ ಇಡೀ ದಿಬ್ಬಣವೇ ಕೆಳಗಿಳಿದು ಬಂತು. ಹುಡುಗಿಯ ಎರಡೂ ಕೈ ತುಂಬ ಚಿನ್ನ. ಎದೆಗೆ ಕೆಂಪು ಹೂ ಸಿಕ್ಕಿಸಿಕೊಂಡ ಗ್ವೈ-ಫನ್, "ಅಯ್ಯೋ, ಇಲ್ಲೇ ಇದ್ದೀಯಾ! ಬಾ ಬಾ, ಬಸ್ಸು ಕಾಯ್ತಿದೆ, ಊಟಕ್ಕೆ ಹೋಗೋಣ" ಎಂದಳು.

ಸೌ-ಹಾ ಬಸ್ಸು ಹತ್ತಲಿಲ್ಲ. ಮನೆಗೆ ನಡೆದು ಹೋಗಿ, ಬಳೆಯ ಕೆಂಪು ಪೆಟ್ಟಿಗೆ ತೆರೆದು, ಅದನ್ನು ತನ್ನ ಕೈಗೆ ತೊಟ್ಟುಕೊಂಡಳು. ಅವತ್ತಿನಿಂದ ತೆಗೆದಿರಲಿಲ್ಲ. ಹೊಲಿಯುವಾಗ ಅದು ಮಿಷನ್ನಿಗೆ ಬಡಿದು ಕಿಣಿಕಿಣಿ ಅನ್ನುತ್ತಿತ್ತು. ಮದುಮಗಳ ಬಳೆ ತೊಟ್ಟ ಎಪ್ಪತ್ತರ ವಿಧವೆಯನ್ನು ಕಂಡು ಗಿರಾಕಿಗಳು ಹುಬ್ಬೇರಿಸಿದರೆ ಏರಿಸಲಿ.

ಅಣಬೆಯೂ ವಾಪಸು ಹೋದ ಮೇಲೆ ಕಿಟ್-ಮಿಂಗ್ ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಮಾರುಕಟ್ಟೆಯ ಮೇಲಿನ ಚಹಾ ಹೋಟೆಲಿಗೆ ಸೇರಿಸಿದ. "ಅಮ್ಮ ಬರ್ತಾರೆ, ಎಲ್ಲಾ ಸರಿಹೋಗುತ್ತೆ" ಎಂದಿದ್ದ. ಸೌ-ಹಾ ಬಂದಳು. ಬರುವಾಗ ಬಳೆಯನ್ನು ಬಟ್ಟೆಯಲ್ಲಿ ತಿಕ್ಕಿ ಹೊಳಪು ಕೊಟ್ಟೇ ಬಂದಳು.

ಹೋಟೆಲು ಗಿಜಿಗುಡುತ್ತಿತ್ತು. ಪಕ್ಕದ ಮೇಜಿನ ಮುದುಕರು ಪತ್ರಿಕೆ ಹಿಡಿದು ಕುದುರೆ ಜೂಜಿನ ಬಗ್ಗೆ ಕಿತ್ತಾಡುತ್ತಿದ್ದರು. ಬಡಿಸುವ ಲಿನ್ ಸೌ-ಹಾಳ ಮುಖ ನೋಡಿದ್ದೇ ತಡ, ಏನೂ ಕೇಳದೆ, ಅವಳ ಹೊಟ್ಟೆಗೆ ಒಗ್ಗುವ ಕಪ್ಪು ಪು-ಅರ್ ಚಹಾದ ಹೂಜಿ ತಂದಿಟ್ಟಳು. ಹೊಸ ಸೊಸೆ ವಿಂಗ್-ಯಾನ್ ಬಿಸಿ ಚಹಾ ಹುಯ್ದು ಮೊದಲು ಸೌ-ಹಾಳ ಬಟ್ಟಲನ್ನೂ ತಿನ್ನುವ ಕಡ್ಡಿಗಳನ್ನೂ ತೊಳೆದಳು, ಆಮೇಲೆ ತನ್ನದನ್ನು. ಸೌ-ಹಾ ಅದನ್ನು ಗಮನಿಸಿದಳು. ಗಮನಿಸಿದ್ದು ಮುಖದಲ್ಲಿ ಕಾಣದ ಹಾಗೆ ನೋಡಿಕೊಂಡಳು.

ಗ್ವೈ-ಫನ್ ಮಾತ್ರ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸಿಗಡಿ ಕಡುಬಿನ ಬುಟ್ಟಿಯನ್ನು ಅವಳ ಕಡೆ ತಳ್ಳಿದಳು. "ತಿನ್ನು, ಬಿಸಿ ಇದೆ. ಬಡಕಲಾಗಿದ್ದೀಯ." ಅಷ್ಟರಲ್ಲಿ ಬಳೆ ಅವಳ ಕಣ್ಣಿಗೆ ಬಿತ್ತು. ಕಡ್ಡಿ ಹಿಡಿದ ಕೈ ಒಂದು ಗಳಿಗೆ ನಿಂತು, ಮತ್ತೆ ಸಾಗಿತು.

ಆಗ ಕಿಟ್-ಮಿಂಗ್ ಗಂಟಲು ಸರಿಮಾಡಿಕೊಂಡು ಎದ್ದ. ಸೌ-ಹಾಳ ಬಟ್ಟಲಿಗೆ ಚಹಾ ಬಗ್ಗಿಸಿ ಎರಡು ಕೈಯಲ್ಲಿ ಹಿಡಿದ.

"ತೊಯ್-ಮ್-ಚ್ಯೂ ಅತ್ತೆ. ತಪ್ಪು ನಂದು. ಗುರುತಿನ ಚೀಟಿ ನೋಡಿ ನೀವು ಹುಲಿ ಅಂತ ಅಮ್ಮನಿಗೆ ಹೇಳಿದ್ದೇ ನಾನು. ನಾನೇ ಲೆಕ್ಕ ತಪ್ಪಿದ್ದು."

ಚಹಾ ಬಗ್ಗಿಸಿದವರಿಗೆ ಎರಡು ಬೆರಳಿಂದ ಮೇಜು ತಟ್ಟಿ ಉಪಕಾರ ಹೇಳುವುದು ಅಲ್ಲಿ ಉಸಿರಾಡಿದಷ್ಟು ಸಹಜ. ಸೌ-ಹಾಳ ಬೆರಳು ಅಲುಗಲಿಲ್ಲ. ಅವಳು ಅವನ ಮುಖವನ್ನೇ ನೋಡಿದಳು.

"ಏನೋ, ಇನ್ನೊಂದ್ಸಲ ಹೇಳು."

"ನಾನೇ ಲೆಕ್ಕ..."

"ಚಿಕ್ಕೋನಿದ್ದಾಗ ನನ್ನ ಏನಂತ ಕರೀತಿದ್ದೆ?"

ಅವನು ಬಟ್ಟಲನ್ನು ಮೆಲ್ಲಗೆ ಅವಳ ಮುಂದಿಟ್ಟ.

"ಹೇಳೋ! ನಿನ್ನ ಹೆಂಡ್ತಿಗೂ ಕೇಳ್ಲಿ."

"ಎತ್ತತ್ತೆ," ಎಂದ ಅವನು ನೆಲ ನೋಡುತ್ತ.

ವಿಂಗ್-ಯಾನ್ ಫಕ್ಕನೆ ನಕ್ಕು, ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಎತ್ತತ್ತೆ! ಹಟ ಮಾಡಿದ್ರೆ ಎತ್ತತ್ತೆ, ನಿಧಾನ ನಡೆದ್ರೆ ಎತ್ತತ್ತೆ. ವರ್ಷ ವರ್ಷ ಹೊಸ ವರ್ಷಕ್ಕೆ ಮುಂಚೆ ನನ್ನ ಹುಟ್ಟುಹಬ್ಬದ ಉದ್ದದ ಶಾವಿಗೆ ತಿಂದು ಬೆಳೆದೋನು ನೀನು. ಈಗ ನಾನು ಹುಲಿ ಅಂತ ನೀನು ಅಂದ್ಕೊಂಡೆ, ಅದನ್ನ ನಾನು ನಂಬ್ಬೇಕು! ಯಾರದೋ ತಪ್ಪನ್ನ ನೀನು ಬಟ್ಟಲಲ್ಲಿ ಹಾಕ್ಕೊಂಡು ಬಂದ್ರೆ ನಾನು ಕುಡಿಯಲ್ಲ." ಅವಳು ಬಟ್ಟಲನ್ನು ಮೇಜಿನ ಮಧ್ಯಕ್ಕೆ ನೂಕಿದಳು. ಚಹಾ ತುಳುಕಿ ಮೇಜಿನ ಬಟ್ಟೆ ಕಂದಾಯಿತು. ಪಕ್ಕದ ಮೇಜಿನ ಕುದುರೆಗಳು ನಿಂತುಹೋದವು.

ಗ್ವೈ-ಫನ್ ಕಡ್ಡಿ ಕೆಳಗಿಟ್ಟಳು. "ಸಾಕು ಮಾಡು ಸೌ-ಹಾ. ಮಗು ಬಗ್ಗಿ ಕೇಳ್ತಾ ಇದಾನೆ. ಮದುವೆಮನೇಲಿ ಒಂದು ಮರೆವು, ಅಷ್ಟೆ. ಕರೀಬೇಕು ಅಂದ್ಕೊಂಡೆ, ಮರೆತೆ. ಅದನ್ನೇ ಹಿಡ್ಕೊಂಡು ಜಗ್ಗಾಡ್ತೀಯಲ್ಲ."

"ಮರೆವಾ?"

"ಮರೆವು."

"ಅಮ್ಮಾ," ಎಂದಳು ವಿಂಗ್-ಯಾನ್ ಮೆಲ್ಲಗೆ. ಅವಳ ದನಿಯಲ್ಲಿ ಚಾಡಿಯಿರಲಿಲ್ಲ, ಗೊಂದಲವಿತ್ತು. "ಆವತ್ತು ನಾನು ಕೇಳಿದ್ನಲ್ಲ, ಅತ್ತೆ ಎಲ್ಲಿ, ಅವರಿಗೆ ಚಹಾ ಕೊಡ್ಬೇಕಲ್ಲ ಅಂತ. ಅವಳು ಆಗ್ಲೇ ಹೋಟೆಲಿಗೆ ಹೋದ್ಲು ಅಂದ್ರಿ ನೀವು."

ಲಿನ್ ಎರಡು ಬುಟ್ಟಿ ಹಿಡಿದು ಬಂದವಳು, ಮುಖಗಳನ್ನು ನೋಡಿ, ಅವನ್ನು ಹಾಗೇ ಹಿಡಿದುಕೊಂಡು ಹಿಂದೆ ಸರಿದಳು.

ಸೌ-ಹಾಳ ಎದೆಯಲ್ಲಿ ಏನೋ ಕಾದು ಕುದಿದು ಮುಚ್ಚಳ ಹಾರಿಸಿತು. "ಕೇಳಿದ್ಳಂತೆ! ಹೊಸದಾಗಿ ಬಂದ ಹುಡುಗಿ ಕೇಳಿದ್ಳು. ನೀವು ಅವಳ ಮುಖಕ್ಕೇ ಸುಳ್ಳು ಹೇಳಿದ್ರಿ. ನಾನು ಕಾವಲುಗಾರನ ಕುರ್ಚಿ ಮೇಲೆ ಕೂತಿದ್ದೆ ಅತ್ತಿಗೆ! ಸೋರೋದು ನಿಂತ್ಮೇಲೆ ಹೊರಗಿಟ್ಟ ಹಳೇ ಬಕೆಟ್ಟಿನ ಹಾಗೆ! ಆ ಮುದುಕ ನನಗೆ ಬನ್ನು ಕೊಟ್ಟ. ನಾನು ಎತ್ತಿ ಆಡಿಸಿದ ಮಗನ ಮದುವೇಲಿ ನನಗೆ ಬನ್ನು ಕೊಟ್ಟೋನು ಕಾವಲುಗಾರ! ಗಂಡ ಸತ್ತವಳು ಅಂತ ದೂರ ಇಟ್ರಾ? ನಿಮ್ಮ ಗಂಡ ಎಲ್ಲಿ ಕೂತಿದ್ದ ಆವತ್ತು? ಫೋಟೋದಲ್ಲಿ ತಾನೆ?"

"ಅತ್ತೆ, ಮೆಲ್ಲಗೆ..." ಎಂದ ಕಿಟ್-ಮಿಂಗ್.

"ಯಾಕೆ ಮೆಲ್ಲಗೆ? ಇಷ್ಟು ವರ್ಷ ಮೆಲ್ಲಗೇ ಇದ್ದೆ."

"ನಾನು ನಿನ್ನ ಅಣ್ಣನ ಹೆಂಡ್ತಿ," ಎಂದಳು ಗ್ವೈ-ಫನ್, ಬೆನ್ನು ನೆಟ್ಟಗೆ ಮಾಡಿ. "ದೊಡ್ಡವರು ಚಿಕ್ಕವರಿಗೆ ಚಹಾ ಹಾಕಿ ಕೈ ಮುಗಿಯೋದು ಯಾವ ಊರಲ್ಲಿದೆ? ನಾನೇನು ಮನೆ ಮುಳುಗಿಸೋವಂಥ ತಪ್ಪು ಮಾಡಿಲ್ಲ."

"ಸತ್ತ ಕೋಳಿ ಕೂಡ ಕಾಲು ಚಾಚಿ ಪಾತ್ರೆ ಮುಚ್ಚಳ ಎತ್ತಿ ಹಿಡಿಯುತ್ತಂತೆ. ನೀವೂ ಅಷ್ಟೆ, ಸಿಕ್ಕಿಬಿದ್ರೂ ಒಪ್ಪಲ್ಲ." ಸೌ-ಹಾ ಚೀಲ ಹೆಗಲಿಗೇರಿಸಿ ಎದ್ದಳು. "ಇನ್ನು ಮೇಲೆ ಅಣ್ಣನ ಸಮಾಧಿಗೂ ನಾನು ಒಬ್ಬಳೇ ಹೋಗ್ತೀನಿ. ನಿಮ್ಮ ಹೊಸ್ತಿಲು ನಿಮಗಿರ್ಲಿ. ನಾನು ಹುಲಿ ಅಲ್ವಾ, ತುಳೀಬಾರ್ದು."

ಕುರ್ಚಿ ಕಿರ್ರೆಂದಿತು. ಅವಳು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಅವಳ ಬಳೆಯ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದರು. ಗ್ವೈ-ಫನ್ ಎದ್ದು ನಿಂತಿದ್ದಳು. ಅವಳ ಬಾಯಿ ಓರೆಯಾಗಿತ್ತು. ಅಳುವಿನಿಂದಲ್ಲ, ಅವಳಿಗೂ ಸಿಟ್ಟೇ ಬಂದಿತ್ತು.

"ಗಂಡ ಸತ್ತವಳು ಅಂತ ಅಲ್ಲ," ಎಂದಳು. "ಹುಲಿ ಅಂತಾನೂ ಅಲ್ಲ. ನನಗೇನು ಗೊತ್ತಿಲ್ವಾ ನೀನು ಎತ್ತು ಅಂತ? ಕೇಳು, ಕೂತು ಕೇಳು. ಶಾಲೇಲಿ ತಾಯಿ ಚಿತ್ರ ಬರೀರಿ ಅಂದಾಗ ಇವನೇನು ಬರೆದ ಗೊತ್ತಾ? ಹೊಲಿಗೆ ಮಿಷನ್ನು ಬರೆದ. ಟೀಚರು ನನ್ನ ಕರೆಸಿ, ನೀವು ಹೊಲಿಗೆ ಮಾಡ್ತೀರಾ ಅಂತ ಕೇಳಿದ್ರು. ಹೌದು ಅಂದೆ. ರಾತ್ರಿಯೆಲ್ಲ ಕಂಡವರ ತಾಯಂದಿರ ಮೈ ತೊಳೆದು ಬಂದಿದ್ದೆ ನಾನು, ಹೌದು ಅಂದೆ! ಜ್ವರ ಬಂದ್ರೆ ನಿನ್ನ ಹೆಸರು, ಕನವರಿಸಿದ್ರೆ ನಿನ್ನ ಹೆಸರು. ಆವತ್ತು ಇವನು ನನ್ನ ಮುಂದೆ ಮಂಡಿಯೂರೋವಾಗ ಇವನ ಕಣ್ಣು ಪಕ್ಕದ ಕುರ್ಚಿಗೆ ಹೋಗಬಾರ್ದು ಅನ್ನಿಸ್ತು. ಒಂದೇ ಒಂದು ಸಲ ನಾನೊಬ್ಬಳೇ ತಾಯಿ ಆಗಿರ್ಬೇಕು ಅನ್ನಿಸ್ತು."

"ಬಾಯಿಬಿಟ್ಟು ಹೇಳಿದ್ರೆ ನಾನೇ ಹಿಂದೆ ನಿಲ್ತಿದ್ದೆ," ಎಂದಳು ಸೌ-ಹಾ. ಅವಳ ದನಿ ಇಳಿದಿರಲಿಲ್ಲ. "ಕೇಳಿದ್ರೆ ಬಿಟ್ಟುಕೊಡ್ತಿದ್ದೆ!"

"ಅದೇ! ನೀನು ಬಿಟ್ಟುಕೊಡ್ತಿದ್ದೆ! ನೀನು ಬಿಟ್ಟುಕೊಟ್ಟದ್ದನ್ನ ತಗೊಂಡು ತಗೊಂಡು ನನಗೆ ಸಾಕಾಗಿಹೋಗಿತ್ತು!"

ಇಬ್ಬರೂ ಎದುರುಬದುರು ನಿಂತು ಏದುಸಿರು ಬಿಟ್ಟರು. ಪಕ್ಕದ ಮೇಜಿನ ಮುದುಕನೊಬ್ಬ ತನ್ನ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ, ಜೊತೆಯವನ ಪತ್ರಿಕೆಯನ್ನೂ ಎತ್ತಿಸಿ ಅಡ್ಡ ಹಿಡಿಸಿದ. ನೋಡಬಾರದ್ದನ್ನು ನೋಡದಿರುವುದೂ ಒಂದು ಮರ್ಯಾದೆ.

ಗ್ವೈ-ಫನ್ ಆ ಬಳೆಯ ಕೈ ಬಿಟ್ಟಳು. ಮಗ ತುಂಬಿಸಿದ್ದ ಬಟ್ಟಲನ್ನು ಎತ್ತಿ, ತಣ್ಣಗಾದ ಚಹಾವನ್ನು ತೊಳೆನೀರಿನ ಬೋಗುಣಿಗೆ ಚೆಲ್ಲಿದಳು. ಹೂಜಿ ಎತ್ತಿ ಹೊಸದಾಗಿ ಬಗ್ಗಿಸಿದಳು. ಅರ್ಧ ತಟ್ಟೆಗೇ ಬಿತ್ತು. ಕಿಟ್-ಮಿಂಗ್ ಸಹಾಯಕ್ಕೆ ಕೈ ಚಾಚಿದಾಗ ವಿಂಗ್-ಯಾನ್ ಅವನ ಅಂಗಿ ಹಿಡಿದು ಕೂರಿಸಿದಳು. ಅಣ್ಣನ ಹೆಂಡತಿ, ಆ ಮನೆಯ ಹಿರಿಯಳು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಭಾನುವಾರದ ಅಷ್ಟು ಜನರ ನಡುವೆ ತಲೆ ತಗ್ಗಿಸಿದಳು.

"ತೊಯ್-ಮ್-ಚ್ಯೂ, ಸೌ-ಹಾ. ಮರೆವಲ್ಲ. ಬೇಕಂತಲೇ ಕರೀಲಿಲ್ಲ. ಬಾಗಿಲ ಹತ್ರ ಹೋಗಿ, ನಿನ್ನ ಕೂಗೋಕೆ ಬಾಯಿ ತೆಗೆದು, ಮುಚ್ಕೊಂಡು ವಾಪಸು ಬಂದೆ. ತಪ್ಪು ನಂದು."

ಸೌ-ಹಾ ಇದನ್ನೇ ಬೇಡಿದ್ದಳು. ಇದು ಸಿಕ್ಕ ಗಳಿಗೆ ಹೇಗಿರುತ್ತದೆಂದು ಮಿಷನ್ನಿನ ಮುಂದೆ ಕೂತು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು. ಆ ಕಲ್ಪನೆಯಲ್ಲಿ ಎದೆ ಹಗುರಾಗುತ್ತಿತ್ತು. ಈಗ ಹಾಗೇನೂ ಆಗಲಿಲ್ಲ. ಆ ಬಾಗಿಲು, ತೆರೆದು ಮುಚ್ಚಿದ ಆ ಬಾಯಿ ಕಣ್ಣಿಗೆ ಕಟ್ಟಿ ಹೊಟ್ಟೆ ಇನ್ನಷ್ಟು ಉರಿಯಿತು. ಆದರೆ ಈ ಉರಿ ಸುಳ್ಳು ಕೇಳಿದ್ದಕ್ಕಲ್ಲ, ನಿಜ ಕೇಳಿದ್ದಕ್ಕೆ. ಅವಳು ಕೂತಳು. ಬಟ್ಟಲು ತೆಗೆದುಕೊಂಡಳು. ಬೆರಳು ತಟ್ಟಲಿಲ್ಲ. ಮುಖ ಕಿವುಚಿಕೊಂಡು, ಔಷಧಿ ಕುಡಿಯುವ ಹಾಗೆ, ತಳ ಕಾಣುವವರೆಗೂ ಕುಡಿದಳು.

"ತುಂಬ ಹೊತ್ತು ನೆನೆದಿದೆ. ಕಹಿ," ಎಂದು ಬಟ್ಟಲು ಕುಕ್ಕಿದಳು.

ಕಿಟ್-ಮಿಂಗ್ ಮುಖ ಅರಳಿತು. ಅವನು ಹೆಂಡತಿಯ ಕೈ ಹಿಡಿದು ಕುರ್ಚಿಯಿಂದ ಸರಿದು, "ಅತ್ತೆ, ಈಗ ನಾವಿಬ್ರೂ ನಿಮಗೆ ಮದುವೆ ಚಹಾ..." ಎನ್ನುತ್ತ ಮಂಡಿಯೂರಲು ಹೊರಟ.

"ಏಳೋ, ಎದ್ದೇಳು! ನೆಲ ಎಲ್ಲ ಎಣ್ಣೆ. ಆ ಚಹಾ ಆವತ್ತಿಂದು, ಆವತ್ತೇ ಆರಿಹೋಯ್ತು. ಈಗ ಬಿಸಿ ಮಾಡಿ ಕೊಟ್ರೆ ಇದು ಅದಾಗಲ್ಲ. ತಪ್ಪು ಒಪ್ಕೊಂಡ್ರು, ಕುಡಿದೆ. ಅಷ್ಟೇ. ಆ ಬೆಳಿಗ್ಗೇನ ಯಾರೂ ನನಗೆ ವಾಪಸು ಕೊಡಕ್ಕಾಗಲ್ಲ."

ವಿಂಗ್-ಯಾನ್ ತನಗೆ ತಿಳಿಯದೆಯೇ ಬಳೆಯನ್ನು ನೋಡಿದಳು. ಸೌ-ಹಾ ಅದನ್ನು ಕಂಡು ತೋಳಿನ ಮೇಲಕ್ಕೆ ಸರಿಸಿಕೊಂಡಳು.

"ಚೆನ್ನಾಗಿದೆ, ಅಲ್ವಾ? ನಿನಗೇ ಅಂತ ಮಾಡಿಸಿದ್ದು. ಈಗ ನಂದು. ನಾನೇ ಹಾಕ್ಕೋತೀನಿ."

"ನಿಮ್ಮ ಕೈಗೆ ಚೆನ್ನಾಗಿ ಕಾಣುತ್ತೆ ಅತ್ತೆ," ಎಂದಳು ಹುಡುಗಿ. ಅವಳು ಅದನ್ನು ನಿಜವಾಗಿಯೇ ಹೇಳಿದಳು. ಅದು ಸೌ-ಹಾಳಿಗೂ ತಿಳಿಯಿತು, ತಿಳಿದು ಏನು ಹೇಳಬೇಕೆಂದು ತೋಚದೆ ಸಿಗಡಿ ಕಡುಬೊಂದನ್ನು ಅವಳ ಬಟ್ಟಲಿಗೆ ಎಸೆದ ಹಾಗೆ ಹಾಕಿದಳು. "ತಿನ್ನು. ಆರಿಹೋಗ್ತಿದೆ."

ಲಿನ್ ಅಷ್ಟು ಹೊತ್ತು ಹಿಡಿದೇ ನಿಂತಿದ್ದ ಬುಟ್ಟಿಗಳನ್ನು ತಂದಿಟ್ಟು, ಹೂಜಿಗೆ ಬಿಸಿನೀರು ತುಂಬಿಸಿ ಹೋದಳು. ಪತ್ರಿಕೆಗಳು ಕೆಳಗಿಳಿದವು, ಕುದುರೆಗಳು ಮತ್ತೆ ಓಡತೊಡಗಿದವು. ಸೌ-ಹಾ ಗೋಡೆಯ ಕಡೆ ಮುಖ ತಿರುಗಿಸಿ ಕೂತಳು. ಇವತ್ತಿಗೆ ಇಷ್ಟೇ, ಇನ್ನೊಂದು ಮಾತೂ ಆಡುವುದಿಲ್ಲವೆಂದು ಹಲ್ಲು ಕಚ್ಚಿದ್ದಳು.

ಗ್ವೈ-ಫನ್ ಏನೂ ಹೇಳದೆ ಹೂಜಿ ಎತ್ತಿ, ಸೌ-ಹಾಳ ಖಾಲಿ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸಿದಳು. ಇದು ತಪ್ಪಿನ ಚಹಾ ಅಲ್ಲ, ದಿನದಿನದ ಚಹಾ. ಗೋಡೆ ನೋಡುತ್ತಲೇ ಇದ್ದ ಸೌ-ಹಾಳ ಎರಡು ಬೆರಳು, ಎಷ್ಟೋ ವರ್ಷದ ರೂಢಿಯಲ್ಲಿ, ತಾವಾಗಿಯೇ ಮೇಜನ್ನು ತಟ್ಟಿದವು. ಬಳೆ ಕಿಣಿ ಅಂದಿತು.

ಸೌ-ಹಾ ಬೆಚ್ಚಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆ ಎರಡು ಬೆರಳುಗಳ ಮೇಲೆ ಅವಳಿಗೆ ಕೆಂಡದಂಥ ಸಿಟ್ಟು ಬಂತು.